ಶಾಲು, ಹಾರ ಮತ್ತು ಹೊಲದ ಬದುವಿನ ಕಲ್ಲು

ಹೋದ ತಿಂಗಳು ಊರಿನ ಗೆಳೆಯನೊಬ್ಬ ವಾಟ್ಸಾಪಿನಲ್ಲಿ ಒಂದು ಆಹ್ವಾನ ಪತ್ರಿಕೆ ಕಳಿಸಿದ. ನಮ್ಮ ಕಡೆಯ ಒಂದು ಇತಿಹಾಸ ಬಳಗದ ಕಾರ್ಯಕ್ರಮ. ಯಾವ ಬಳಗ ಅಂತ ಹೇಳಲ್ಲ, ಹೇಳಿದರೂ ಏನು ಉಪಯೋಗ, ಎಲ್ಲಾ ಕಡೆ ಇದೇ ಕಥೆ. ಸುಮ್ಮನೆ ಕೂತಿದ್ದೆನಲ್ಲ, ಪತ್ರಿಕೆಯಲ್ಲಿರೋ ಹೆಸರು ಎಣಿಸಿದೆ. ಸಾನ್ನಿಧ್ಯ, ಉದ್ಘಾಟನೆ, ಅಧ್ಯಕ್ಷತೆ, ಜ್ಯೋತಿ ಬೆಳಗಿಸುವವರು, ಭಾವಚಿತ್ರಕ್ಕೆ ಹಾರ ಹಾಕುವವರು, ಘನ ಉಪಸ್ಥಿತಿ... ಒಟ್ಟು ಇಪ್ಪತ್ಮೂರು. ಕಟ್ಟಕಡೆಗೆ, ವಂದನಾರ್ಪಣೆಗಿಂತ ಒಂದು ಸಾಲು ಮೇಲೆ, "ವಿಶೇಷ ಉಪನ್ಯಾಸ: ನಮ್ಮ ಭಾಗದ ಶಾಸನಗಳು". ಆ ಉಪನ್ಯಾಸ ಮಾಡಿದವರಿಗೆ ಸಿಕ್ಕಿದ್ದು ಹನ್ನೆರಡು ನಿಮಿಷವಂತೆ. ಅಷ್ಟರಲ್ಲೇ ಹಿಂದಿನಿಂದ ಊಟದ ವಾಸನೆ ಬರೋಕೆ ಶುರುವಾಗಿತ್ತಂತೆ :)

ನಾನು ಸಿಂಧನೂರಿನವನು. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದು ಕೋಡು ಕುಟ್ಟೋ ಲಕ್ಷಾಂತರ ಜನರಲ್ಲಿ ಒಬ್ಬ. ಇತಿಹಾಸದ ಪಂಡಿತ ಅಲ್ಲವೇ ಅಲ್ಲ. ಆದರೆ ನಮ್ಮ ಮೂರು ಊರು, ಸಿಂಧನೂರು, ಮಸ್ಕಿ, ಲಿಂಗಸುಗೂರು, ಒಂದೇ ರಸ್ತೆಯಲ್ಲಿ ದಾರಕ್ಕೆ ಪೋಣಿಸಿದ ಹಾಗೆ ಇವೆ. ಆ ರಸ್ತೆಯ ಎರಡೂ ಪಕ್ಕ ಏನಿದೆ ಅಂತ ನನಗೆ ಗೊತ್ತಾಗಿದ್ದು ಊರು ಬಿಟ್ಟ ಮೇಲೆ, ಅದೂ ಇಂಟರ್ನೆಟ್ಟಿನಲ್ಲಿ ಓದಿ. ಶಾಲೆಯಲ್ಲಿ ಓದುವಾಗ ಬಸ್ಸಿನ ಕಿಟಕಿಯಿಂದ ಮಸ್ಕಿಯ ಮಲ್ಲಿಕಾರ್ಜುನ ಬೆಟ್ಟ ಕಂಡರೆ ಕೈ ಮುಗಿಯೋದು, ಮುಂದೆ ಹೋಗೋದು, ಅಷ್ಟೇ. ಇದು ನನ್ನೊಬ್ಬನ ಕಥೆಯಲ್ಲ ಅಂತ ಗೊತ್ತು. ಅದಕ್ಕೇ ಈ ತಲೆಬಿಸಿ.

ಮಸ್ಕಿ ಗೊತ್ತಿಲ್ಲದ ಬ್ಲಾಗಿಗರಿಗಾಗಿ ಸ್ವಲ್ಪ ವಿವರ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ. ದೇಶದ ತುಂಬ ಬಂಡೆಗಳ ಮೇಲೆ, ಕಂಬಗಳ ಮೇಲೆ ಒಬ್ಬ ರಾಜ ಮಾತಾಡುತ್ತಿದ್ದ. ಆದರೆ ಆ ರಾಜ ತನ್ನನ್ನು ಕರೆದುಕೊಳ್ಳುತ್ತಿದ್ದದ್ದು "ದೇವಾನಂಪಿಯ", "ಪಿಯದಸಿ" ಅಂತ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಎಲ್ಲಾ ಕಡೆ ಬರೀ ಯೂಸರ್‌ನೇಮ್, ನಿಜವಾದ ಹೆಸರು ಎಲ್ಲೂ ಇಲ್ಲ. ಸಿಂಹಳದ ಗ್ರಂಥಗಳನ್ನು ನೋಡಿ ಇವನೇ ಅಶೋಕ ಇರಬೇಕು ಅಂತ ಜಾರ್ಜ್ ಟರ್ನರ್ ಆಗಲೇ ಹೇಳಿದ್ದ. ಆದರೆ ಕಲ್ಲೇ ಬಾಯಿಬಿಟ್ಟು ಹೇಳಬೇಕಲ್ಲ? ಅದು ಆಗಿದ್ದು 1915ರ ಜನವರಿಯಲ್ಲಿ, ಮಸ್ಕಿಯ ಗುಡ್ಡದ ಒಂದು ಗವಿಯಂಥ ಜಾಗದಲ್ಲಿ. "ದೇವಾನಂಪಿಯಸ ಅಸೋಕಸ" ಅಂತ ಹೆಸರು ಸಮೇತ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮದೇ ಪಕ್ಕದ ಸಿರುಗುಪ್ಪ ಕಡೆಯ ನಿಟ್ಟೂರು, ಉಡೆಗೋಳದಲ್ಲಿ ಕೂಡ ಆ ಹೆಸರು ಸಿಕ್ಕಿತು. ಮೊದಲು ಸಿಕ್ಕಿದ್ದು ಮಾತ್ರ ಮಸ್ಕಿಯಲ್ಲಿ.

ಇದನ್ನು ನಮ್ಮ ಕಡೆ ಯಾವ ಸಭೆಗೆ ಹೋದರೂ ಹೇಳ್ತಾರೆ. ಎದೆ ಉಬ್ಬಿಸಿಕೊಂಡು ಹೇಳ್ತಾರೆ. ಹೇಳಲಿ, ನನಗೂ ಖುಷಿಯೇ. ಆದರೆ ಇದರ ಇನ್ನೊಂದು ಮುಖ ಯಾರೂ ಹೇಳಲ್ಲ. ಅದನ್ನು ಕಂಡವನು ಸಿ. ಬೀಡನ್ ಅನ್ನೋ ಚಿನ್ನದ ಗಣಿ ಇಂಜಿನಿಯರ್. ಬಂದಿದ್ದು ಚಿನ್ನ ಹುಡುಕೋಕೆ. ಅವನಿಗಿಂತ ಮುಂಚೆ, 1870ರಲ್ಲೂ 1888ರಲ್ಲೂ, ಮಸ್ಕಿಯಲ್ಲಿ ಓಡಾಡಿದ್ದು ರಾಬರ್ಟ್ ಬ್ರೂಸ್ ಫೂಟ್ ಅನ್ನೋ ಭೂವಿಜ್ಞಾನಿ. ಶಾಸನ ಓದಿ ಪ್ರಕಟಿಸಿದ್ದು ಎಚ್. ಕೃಷ್ಣಶಾಸ್ತ್ರಿ. 1930ರ ದಶಕದಲ್ಲಿ ಅಗೆದದ್ದು ನಿಜಾಮರ ಪ್ರಾಕ್ತನ ಇಲಾಖೆ. 1954ರಲ್ಲಿ ಅಗೆದದ್ದು ಕೇಂದ್ರ ಪುರಾತತ್ವ ಇಲಾಖೆಯ ಬಿ.ಕೆ. ಥಾಪರ್. ಇತ್ತೀಚಿನ ವರ್ಷಗಳಲ್ಲಿ ಹೊಲ ಹೊಲ ತಿರುಗಿ ಸರ್ವೆ ಮಾಡಿದ್ದು ಅಮೆರಿಕ, ಕೆನಡಾ ವಿಶ್ವವಿದ್ಯಾಲಯಗಳ ತಂಡ, ಜೊತೆಗೆ ನಮ್ಮ ದೇಶದ ವಿದ್ವಾಂಸರು. 2025ರಲ್ಲಿ ಆ ತಂಡದ ಅಗೆತದಿಂದ ನಾಲ್ಕು ಸಾವಿರ ವರ್ಷ ಹಿಂದಿನ ಜನವಸತಿಯ ಕುರುಹು ಸಿಕ್ಕಿತು ಅಂತ ಎಲ್ಲಾ ಪತ್ರಿಕೆಗಳಲ್ಲಿ ಬಂತು.

ಇವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಅವರು ಬರದಿದ್ದರೆ ನಮಗೆ ಏನೂ ಗೊತ್ತಿರುತ್ತಿರಲಿಲ್ಲ. ನನ್ನ ತಕರಾರು ನಮ್ಮ ಮೇಲೆ. ನೂರೈವತ್ತು ವರ್ಷದಿಂದ ಬಂದವರೆಲ್ಲ ಕಂಡುಹಿಡಿದು ಹೋಗ್ತಿದ್ದಾರೆ, ನಾವು ಮಾತ್ರ ಬುಟ್ಟಿ ಹೊತ್ತಿದ್ದೇವೆ, ಇಲ್ಲಾ ಹಾರ ಹಾಕಿದ್ದೇವೆ.

ಶಾಸನದಲ್ಲಿ ಏನಿದೆ ಅಂತ ಆ ಇಪ್ಪತ್ಮೂರು ಜನರಲ್ಲಿ ಎಷ್ಟು ಜನ ಓದಿದ್ದಾರೋ. ಅಶೋಕ ಅಲ್ಲಿ ಹೇಳೋದು ಚಿಕ್ಕ ವಿಷಯ. ತಾನು ಬುದ್ಧನ ಹಾದಿ ಹಿಡಿದು ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಧರ್ಮದಲ್ಲಿ ತೊಡಗಿದರೆ ಸಣ್ಣ ಮನುಷ್ಯನಿಗೂ ಇದು ಸಾಧ್ಯ, ದೊಡ್ಡವರಿಗೆ ಮಾತ್ರ ಅಂತ ತಿಳೀಬೇಡಿ, ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಸಿ, ಇಷ್ಟು. ಇದನ್ನು ಇಟ್ಟುಕೊಂಡು "ಘನ ಉಪಸ್ಥಿತಿ" ಅಂತ ಕಾರ್ಡು ಹೊಡೆಸ್ತೀವಲ್ಲ, ನಮ್ಮ ಹಾಸ್ಯಪ್ರಜ್ಞೆ ದೊಡ್ಡದು.

ಹಳೇ ಮೈಸೂರಿನ ಕಡೆಯ ಗೆಳೆಯರಿಗೆ ಒಂದು ಅನುಕೂಲ ಇದೆ, ಅವರಿಗೆ ಅದು ಅನುಕೂಲ ಅಂತ ಗೊತ್ತೂ ಇಲ್ಲ. ಬಿ.ಎಲ್. ರೈಸ್ ಮತ್ತು ಅವರ ಪಂಡಿತರು 1886ರಿಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತರೋಕೆ ಶುರು ಮಾಡಿದರು. ಯಾವ ತಾಲೂಕು, ಯಾವ ಹಳ್ಳಿ, ಯಾವ ಗುಡಿಯ ಎಡಕ್ಕಿರೋ ಕಲ್ಲು, ಎಲ್ಲಾ ದಾಖಲು. ನಾವಿದ್ದದ್ದು ನಿಜಾಮರ ರಾಜ್ಯದಲ್ಲಿ. ಅಲ್ಲಿ ಪ್ರಾಕ್ತನ ಇಲಾಖೆ ಅಂತ ಆಗಿದ್ದೇ 1914ರಲ್ಲಿ, ಗುಲಾಮ್ ಯಜ್ದಾನಿ ಅವರ ಕೈಯಲ್ಲಿ. ಕೊಪ್ಪಳದ ಕನ್ನಡ ಶಾಸನಗಳ ಪುಸ್ತಕ ಬಂದಿದ್ದು 1935ರಲ್ಲಿ. ಪಿ.ಬಿ. ದೇಸಾಯಿ ಅವರು ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನ ಸಂಗ್ರಹ ಮಾಡಿ, ಅದು ಅಚ್ಚಾಗಿ ಬರೋ ಹೊತ್ತಿಗೆ 1958. ಅಷ್ಟರಲ್ಲಿ ಹೈದರಾಬಾದ್ ರಾಜ್ಯವೇ ಇರಲಿಲ್ಲ! ಆಮೇಲೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದವರು ಜಿಲ್ಲಾವಾರು ಸಂಪುಟ ತಂದರು, ಅವರಿಗೆ ದೊಡ್ಡ ನಮಸ್ಕಾರ. ಆದರೂ ಲೆಕ್ಕ ಹಾಕಿ. ಅವರಿಗಿಂತ ನಮಗೆ ಅರ್ಧ ಶತಮಾನಕ್ಕೂ ಹೆಚ್ಚು ತಡ. ಆ ಅವಧಿಯಲ್ಲಿ ಎಷ್ಟು ಕಲ್ಲು ಗುಡಿಯ ಮೆಟ್ಟಿಲಾದವೋ, ಎಷ್ಟು ಬಾವಿಯ ಕಟ್ಟೆಯಾದವೋ.

ಈಗಂತೂ ಕೇಳಲೇಬೇಡಿ. ತುಂಗಭದ್ರಾ ಎಡದಂಡೆ ಕಾಲುವೆ ಬಂದು ಸಿಂಧನೂರು ಭತ್ತದ ಕಣಜ ಆಯ್ತು, ಸಂತೋಷ. ಆದರೆ ಭತ್ತಕ್ಕೆ ನೆಲ ಸಮತಟ್ಟಾಗಿರಬೇಕು. ಜೆಸಿಬಿ ಬರುತ್ತೆ, ದಿನ್ನೆ ಹೋಗುತ್ತೆ. ಆ ದಿನ್ನೆಯಲ್ಲಿ ಮಡಕೆ ಚೂರು, ಬೂದಿ, ಕಲ್ಲಿನ ಕೊಡಲಿ ಇದ್ದರೆ ಅವೂ ಹೋಗುತ್ತವೆ. ಡ್ರೈವರ್‌ಗೆ ಗಂಟೆ ಲೆಕ್ಕ, ರೈತನಿಗೆ ಡೀಸೆಲ್ ಲೆಕ್ಕ. ಅವರನ್ನು ಬೈದು ಪ್ರಯೋಜನ ಇಲ್ಲ. ಮುದಗಲ್ಲಿನ ಹತ್ತಿರದ ಪಿಕ್ಲಿಹಾಳದಲ್ಲಿ 1952ರಲ್ಲಿ ಆಲ್ಚಿನ್ ಅಗೆದು ನವಶಿಲಾಯುಗದ ದನಗಾಹಿಗಳ ಬದುಕನ್ನು ಜಗತ್ತಿಗೆ ತೋರಿಸಿದ. ಆ ಪುಸ್ತಕ ವಿದೇಶದ ಲೈಬ್ರರಿಗಳಲ್ಲಿ ಸಿಗುತ್ತೆ. ಪಕ್ಕದ ಹಳ್ಳಿಯ ಶಾಲೆಯ ಕಪಾಟಿನಲ್ಲಿ ಅದರ ನಾಲ್ಕು ಪುಟದ ಕನ್ನಡ ಸಾರಾಂಶ ಇದ್ದಿದ್ದರೆ ಆ ದಿನ್ನೆ ಏನು ಅಂತ ಯಾರಾದರೂ ಒಬ್ಬ ಹುಡುಗ ಅಪ್ಪನಿಗೆ ಹೇಳ್ತಿದ್ದ.

ಹಾಗಾದರೆ ಸ್ಥಳೀಯ ಇತಿಹಾಸ ಬಳಗ ಮಾಡಬೇಕಾದ್ದೇನು? ನನ್ನ ಉತ್ತರ ಸರಳ. ಸಭೆ ವರ್ಷಕ್ಕೆ ಒಂದು ಸಾಕು. ಉಳಿದ ದಿನ ಹೊಲಕ್ಕೆ ಹೋಗಿ.

ಇದು ಆಗದ ಮಾತು ಅಂತ ಮೂಗು ಮುರಿಯೋರಿಗೆ ಬೆಂಗಳೂರಿನ ಉದಾಹರಣೆ ಕೊಡ್ತೀನಿ. ರೈಸ್ 1905ರ ಸಂಪುಟದಲ್ಲಿ ದಾಖಲಿಸಿದ ಬೆಂಗಳೂರಿನ ಕಲ್ಲುಗಳು ಈಗ ಎಲ್ಲಿವೆ ಅಂತ ಕೆಲವರು ರಜೆಯ ದಿನ ಹುಡುಕೋಕೆ ಹೊರಟರು. ಪಿ.ಎಲ್. ಉದಯಕುಮಾರ್ ಅವರಂಥವರು, ವೃತ್ತಿಯಲ್ಲಿ ಇಂಜಿನಿಯರ್. ಹಲವು ಕಲ್ಲು ಮಾಯವಾಗಿದ್ದವು. ಆದರೆ ಹುಡುಕಾಟದಲ್ಲಿ ಹೊಸವೂ ಸಿಕ್ಕವು. 2018ರಲ್ಲಿ ಹೆಬ್ಬಾಳದಲ್ಲಿ ಕಿತ್ತಯ್ಯ ಅನ್ನೋ ವೀರನ ಕಲ್ಲು ಬೆಳಕಿಗೆ ಬಂತು, ಕ್ರಿ.ಶ. 750ರ ಸುಮಾರಿನದು. ಜನರೇ ದುಡ್ಡು ಕೂಡಿಸಿ ಅದಕ್ಕೊಂದು ಮಂಟಪ ಕಟ್ಟಿಸಿದರು. 2021ರಿಂದ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗೋ ಹಾಗೆ ಇಟ್ಟಿದ್ದಾರೆ. ಈ ಸೊಸೈಟಿ 1909ರದ್ದು. ನೂರು ವರ್ಷ ದಾಟಿದ ಸಂಸ್ಥೆ ಹೊಸ ಕೆಲಸ ಹಿಡೀತು ನೋಡಿ. ಕಲ್ಲು ನಾಳೆ ಒಡೆದರೂ ಅಕ್ಷರ ಉಳಿಯುತ್ತೆ. ನಮ್ಮ ಆಫೀಸಿನಲ್ಲಿ ಇದಕ್ಕೆ ಬ್ಯಾಕಪ್ ಅಂತೀವಿ, ಬ್ಯಾಕಪ್ ಇಲ್ಲದೆ ಸರ್ವರ್ ಓಡಿಸಿದರೆ ಮ್ಯಾನೇಜರ್ ಮನೆಗೆ ಕಳಿಸ್ತಾನೆ.

ಇಲ್ಲಿ ಕೆಲಸ ಕಷ್ಟದ್ದೂ ಅಲ್ಲ. ಶಾಸನದ ಅಚ್ಚು ತೆಗೆಯೋದು ಕಲಿತವರ ಕೆಲಸ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ಹಚ್ಚಬೇಕು. ಅದನ್ನು ಬಲ್ಲವರಿಗೆ ಬಿಡೋಣ. ನಮ್ಮ ಕೈಲಾಗೋದು ಫೋಟೋ. ನಡು ಮಧ್ಯಾಹ್ನ ತೆಗೆದರೆ ಏನೂ ಕಾಣಲ್ಲ. ಸಂಜೆ ಹೊತ್ತು ಬಿಸಿಲು ಓರೆಯಾಗಿ ಬಿದ್ದಾಗ, ಇಲ್ಲಾ ರಾತ್ರಿ ಟಾರ್ಚನ್ನು ಕಲ್ಲಿನ ಪಕ್ಕದಿಂದ ಹಿಡಿದಾಗ, ಸವೆದ ಅಕ್ಷರಗಳೂ ಎದ್ದು ಬರುತ್ತವೆ. ಮೊದಲ ಸಲ ನೋಡಿದವರಿಗೆ ಮೈ ಜುಮ್ ಅನ್ನುತ್ತೆ, ಸುಳ್ಳಲ್ಲ. ಅಳತೆಗೆ ಪಕ್ಕದಲ್ಲಿ ಒಂದು ಸ್ಕೇಲು, ಜಾಗದ ಗುರುತು, ಹೊಲದ ಹೆಸರು. ಮುಖ್ಯವಾಗಿ ಆ ಕಲ್ಲಿಗೆ ಊರವರು ಏನಂತಾರೆ ಅನ್ನೋದು. ಇದು ಯಾವ ವಿದೇಶಿ ತಂಡಕ್ಕಿಂತಲೂ ನಮಗೆ ಚೆನ್ನಾಗಿ ಬರುತ್ತೆ, ಯಾಕಂದ್ರೆ ಅಜ್ಜಿ ಮಾತಾಡೋದು ನಮಗೆ ಅರ್ಥ ಆಗುತ್ತೆ. ಊರ ಹೆಸರುಗಳಲ್ಲಿ ಏನೆಲ್ಲಾ ಅಡಗಿದೆ ಅನ್ನೋಕೆ ಮಸ್ಕಿಯೇ ಸಾಕ್ಷಿ. ಹಳೆಯ ಶಾಸನಗಳಲ್ಲಿ ಅದು ಮೋಸಂಗಿ. ರಾಜೇಂದ್ರ ಚೋಳನಿಗೂ ಚಾಲುಕ್ಯ ಜಯಸಿಂಹನಿಗೂ ಯುದ್ಧವಾದ ಮುಸಂಗಿ ಇದೇ ಅಂತ ಕೆಲವರ ವಾದ, ಅಲ್ಲ ಉಚ್ಚಂಗಿ ಅಂತ ಇನ್ನು ಕೆಲವರದ್ದು.

ಮಾಡಬಾರದ್ದೂ ಇದೆ. ಎಣ್ಣೆ ಸುರಿಯಬಾರದು, ಅಕ್ಷರಕ್ಕೆ ಪೇಂಟ್ ತುಂಬಬಾರದು, ಉಳಿಯಿಂದ "ಸ್ವಚ್ಛ" ಮಾಡಬಾರದು. ಹಸಿರು ಎನಾಮಲ್ ಬಳಿಸಿಕೊಂಡು ಕೂತ ವೀರಗಲ್ಲು ನೋಡಿದರೆ ಪಾಪ ಅನ್ಸುತ್ತೆ, ಯುದ್ಧದಲ್ಲಿ ಸತ್ತಿದ್ದು ಸಾಲದು ಅಂತ ಇದು ಬೇರೆ.

ಈಗ ನಿಜವಾದ ತೊಡಕಿಗೆ ಬರ್ತೀನಿ. ಹಳ್ಳಿಯಲ್ಲಿ ಹೋಗಿ "ನಿಮ್ಮ ಹೊಲದಲ್ಲಿ ಕಲ್ಲಿದೆಯಾ" ಅಂತ ಕೇಳಿದರೆ ಬಾಯಿ ಬಿಡಲ್ಲ. ಯಾಕೆ? ಭಯ. ನನ್ನ ಸಂಬಂಧಿಕರೊಬ್ಬರು ನೇರವಾಗಿ ಹೇಳಿದರು: "ಕಲ್ಲೈತಿ ಅಂದ್ರ ಸರ್ಕಾರದವ್ರು ಬಂದು ಬೇಲಿ ಹಾಕ್ತಾರ. ಆಮ್ಯಾಲ ಬೋರ್ ಹಾಕಂಗಿಲ್ಲ, ಮನಿ ಕಟ್ಟಂಗಿಲ್ಲ." ಈ ಭಯಕ್ಕೆ ಆಧಾರವೇ ಇಲ್ಲ ಅಂತಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ಕಟ್ಟಡ ನಿಷೇಧ, ಅದರಾಚೆ ಇನ್ನೂರು ಮೀಟರ್ ನಿಯಂತ್ರಣ ಅಂತ 2010ರ ತಿದ್ದುಪಡಿ ಹೇಳುತ್ತೆ. ಆದರೆ ಬದುವಿನಲ್ಲಿ ಒಂದು ವೀರಗಲ್ಲು ಇದೆ ಅಂತ ಯಾರೋ ಬರೆದುಕೊಂಡ ಮಾತ್ರಕ್ಕೆ ಅದು ಸಂರಕ್ಷಿತ ಸ್ಮಾರಕ ಆಗಲ್ಲ. ಅದಕ್ಕೆ ಸರ್ಕಾರ ಅಧಿಸೂಚನೆ ಹೊರಡಿಸಬೇಕು, 1958ರ ಕಾಯ್ದೆ ಪ್ರಕಾರ ಎರಡು ತಿಂಗಳು ಆಕ್ಷೇಪಣೆಗೆ ಅವಕಾಶ ಕೊಡಬೇಕು. ಇದನ್ನು ರೈತನಿಗೆ ಅವನ ಮಾತಿನಲ್ಲಿ, ಅವನ ಕಟ್ಟೆಯ ಮೇಲೆ ಕೂತು ಹೇಳೋರು ಯಾರು? ವೇದಿಕೆಯ ಮೇಲೆ ನಿಂತು "ನಮ್ಮ ಪರಂಪರೆಯನ್ನು ಉಳಿಸಬೇಕು" ಅಂದರೆ ಅವನ ಭಯ ಇನ್ನೂ ಹೆಚ್ಚಾಗುತ್ತೆ. ಹೇಳದೆ ಹೋದರೆ ಏನಾಗುತ್ತೆ ಗೊತ್ತಾ? ರಾತ್ರೋರಾತ್ರಿ ಕಲ್ಲು ಕಾಲುವೆ ಸೇರುತ್ತೆ. ಇತಿಹಾಸದ ಮೇಲಿನ ದ್ವೇಷದಿಂದಲ್ಲ, ಎರಡೆಕರೆ ಹೊಲದ ಮೇಲಿನ ಪ್ರೀತಿಯಿಂದ.

ಇನ್ನೊಂದು ನಿಧಿಗಳ್ಳರ ಕಾಟ. ಜಾಗ ತೋರಿಸಿದರೆ ಅವರಿಗೇ ದಾರಿ ತೋರಿಸಿದ ಹಾಗಲ್ವಾ ಅಂತ ಗೆಳೆಯರು ಕೇಳ್ತಾರೆ. ಒಳ್ಳೆ ಪ್ರಶ್ನೆ, ನನಗೂ ಇದರಲ್ಲಿ ಅನುಮಾನ ಇತ್ತು. ಈಗ ನನ್ನ ಅಭಿಪ್ರಾಯ ಹೀಗೆ: ನಿಖರ ಜಾಗವನ್ನು ಬಳಗದ ವಹಿಯಲ್ಲಿ ಇಡಿ, ಹೊರಗೆ ಊರ ಹೆಸರು ಸಾಕು. ಆದರೆ ಆ ಊರಿಗೆ ಮಾತ್ರ ಎಲ್ಲಾ ತಿಳಿದಿರಲಿ. ನಿಧಿಗಳ್ಳ ಅಗೆಯೋದು ಯಾರಿಗೂ ಬೇಡವಾದ ಕಲ್ಲಿನ ಬುಡವನ್ನೇ. ಊರಿನ ಹುಡುಗರು ಪ್ರತಿ ವರ್ಷ ತೊಳೆದು ಫೋಟೋ ತೆಗೆಯೋ ಕಲ್ಲಿನ ಹತ್ತಿರ ಗುದ್ದಲಿ ಹಿಡಿದು ಬರೋಕೆ ಅವನೂ ಯೋಚನೆ ಮಾಡ್ತಾನೆ. ಕಲ್ಲಿನ ಕೆಳಗೆ ಬಂಗಾರ ಇಲ್ಲ ಅಂತ ಸಾರಿ ಸಾರಿ ಹೇಳೋದೂ ಬಳಗದ ಕೆಲಸವೇ. (ಬಂಗಾರ ಬೇಕಿದ್ದರೆ ಹಟ್ಟಿ ಇದೆ. ಅಲ್ಲಿ ಸಾವಿರಾರು ಅಡಿ ಕೆಳಗೆ ಇಳಿದರೂ ಒಂದು ಟನ್ ಕಲ್ಲಿಗೆ ಸಿಗೋದು ಕೆಲವೇ ಗ್ರಾಂ.)

ಇತಿಹಾಸ ಅಂದರೆ ಬರೀ ಕಲ್ಲೂ ಅಲ್ಲ. ಲಿಂಗಸುಗೂರು 1905ರ ತನಕ ಜಿಲ್ಲೆಯಾಗಿತ್ತು, ಹೈದರಾಬಾದ್ ಕಂಟಿಂಜೆಂಟ್ ಪಡೆಯ ಛಾವಣಿ ಅಲ್ಲಿತ್ತು. ಎಷ್ಟು ಹುಡುಗರಿಗೆ ಗೊತ್ತು? ಅದು ಹಳೇದು ಬಿಡಿ, ಕಾಗದದಲ್ಲಾದರೂ ಸಿಗುತ್ತೆ. ಕಾಗದದಲ್ಲಿ ಇಲ್ಲದ್ದು ಇದೆಯಲ್ಲ, ಅದರ ಚಿಂತೆ ನನಗೆ. ಸಿಂಧನೂರಿನ ಸುತ್ತ ಎಷ್ಟೊಂದು "ಕ್ಯಾಂಪ್"ಗಳಿವೆ. ಕಾಲುವೆ ನೀರಿನ ಹಿಂದೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪುಗಳು, ನಂಬರ್ ಹಾಕಿ ಕರೆಯೋ ಊರುಗಳು. ಅಲ್ಲಿಯ ದುರ್ಗಾಪೂಜೆಗೆ ನಾವೂ ಹೋಗಿ ಪ್ರಸಾದ ತಿಂದವರೇ. ಒಂದು ದೇಶ ಬಿಟ್ಟು, ಭಾಷೆ ಗೊತ್ತಿಲ್ಲದ ಕಪ್ಪು ಮಣ್ಣಿಗೆ ಬಂದಿಳಿದ ದಿನ ಹೇಗಿತ್ತು ಅಂತ ನೆನಪಿರೋರು ಈಗ ಎಪ್ಪತ್ತು ದಾಟಿದ್ದಾರೆ. ಯಾವ ಇತಿಹಾಸ ಬಳಗದ ಕಾರ್ಡಿನಲ್ಲೂ ಇವರ ಹೆಸರು ನಾನು ನೋಡಿಲ್ಲ. ಹಾಗೇ 1948ರ ರಜಾಕಾರರ ಗಲಾಟೆ ಕಂಡವರು. ಅವರು ಇನ್ನು ಎಷ್ಟು ಜನ ಉಳಿದಿದ್ದಾರೆ, ಎಣಿಸೋಕೆ ಭಯ ಆಗುತ್ತೆ. ಮೊಬೈಲಿನಲ್ಲಿ ಒಂದು ಗಂಟೆ ಧ್ವನಿಮುದ್ರಣ ಮಾಡೋಕೆ ಖರ್ಚು ಎಷ್ಟು? ಒಂದು ಶಾಲಿನ ದುಡ್ಡೂ ಬೇಡ.

ಸಮುದಾಯವನ್ನು ಸೇರಿಸೋದು ಹೇಗೆ ಅಂತ ನಮ್ಮ ಬಳಗಗಳು ಮುದಗಲ್ಲಿನಿಂದ ಕಲಿಯಬಹುದು. ಅಲ್ಲಿಯ ಮೊಹರಂಗೆ ಹೋದವರಿಗೆ ಗೊತ್ತು, ಹಿಂದೂ ಯಾರು ಮುಸ್ಲಿಂ ಯಾರು ಅಂತ ಹೇಳೋಕೆ ಆಗಲ್ಲ. ಬಹಮನಿ, ವಿಜಯನಗರ, ಆದಿಲ್‌ಶಾಹಿ ಅಂತ ಕೈ ಬದಲಾದ ಕೋಟೆಯ ಊರು ಅದು. ಕೋಟೆ ನಮ್ಮದು, ನಿಮ್ಮದು, ನಮ್ಮ ಜಾತಿಯವರು ಕಟ್ಟಿಸಿದ್ದು ಅಂತ ಸಭೆಗಳಲ್ಲಿ ಶುರುವಾಗೋ ಜಗಳಕ್ಕೆ ಅಲ್ಲಿಯ ಜನ ಪ್ರತಿ ವರ್ಷ ಬೀದಿಯಲ್ಲೇ ಉತ್ತರ ಕೊಡ್ತಾರೆ. ಜಾತಿಗೊಬ್ಬ ರಾಜನನ್ನು ಹಂಚೋದೇ ಇತಿಹಾಸ ಬಳಗದ ಕೆಲಸ ಅಂದುಕೊಂಡವರ ಜೊತೆ ವಾದ ಮಾಡೋಕೆ ನನಗೆ ಶಕ್ತಿ ಇಲ್ಲ, ಅದಕ್ಕೆ ಇಷ್ಟೇ.

"ನೀನು ಬೆಂಗಳೂರಿನ ಎಸಿಯಲ್ಲಿ ಕೂತು ಬರೀತೀಯ, ಇಲ್ಲಿ ಬಂದು ಮಾಡು" ಅಂತ ಆ ಗೆಳೆಯ ಫೋನಿನಲ್ಲಿ ರೇಗಿದ. ಸರಿಯೇ. ಅದಕ್ಕೆ ನಾವು ಐದು ಜನ ಸೇರಿದ್ದೇವೆ, ಇಬ್ಬರು ಶಾಲಾ ಮಾಸ್ತರು, ಒಬ್ಬ ಮೆಡಿಕಲ್ ಅಂಗಡಿಯವನು, ಆ ಗೆಳೆಯ, ನಾನು. ಬಳಗಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಲೆಟರ್‌ಹೆಡ್ ಇಲ್ಲ. ಡಿಸೆಂಬರಿನಲ್ಲಿ ಭತ್ತ ಕೊಯ್ದು ಎರಡನೇ ಬೆಳೆಗೆ ನೀರು ಬಿಡೋ ಮುಂಚೆ ಗದ್ದೆ ಒಣಗಿರುತ್ತೆ, ಬದುವಿನ ಮೇಲೆ ಆರಾಮಾಗಿ ಓಡಾಡಬಹುದು. ಕ್ರಿಸ್ಮಸ್ ರಜೆಯ ನಾಲ್ಕು ದಿನ, ದಿನಕ್ಕೆ ಎರಡು ಹಳ್ಳಿ, ಸಿಂಧನೂರಿನಿಂದ ಮಸ್ಕಿ ಕಡೆಗೆ. ರಾಯಚೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಆ ಹಳ್ಳಿಗಳ ಕಲ್ಲುಗಳ ಪಟ್ಟಿ ಮಾಡಿಟ್ಟುಕೊಂಡಿದ್ದೇವೆ, ಮೊದಲು ಅವು ಇದ್ದಲ್ಲೇ ಇವೆಯಾ ನೋಡೋದು.

ನಮ್ಮ ಕಡೆಯ ಬ್ಲಾಗಿಗರು ಯಾರಾದರೂ ಆ ಹೊತ್ತಿಗೆ ಊರಿಗೆ ಬರೋರಿದ್ದರೆ ಒಂದು ಮಾತು ತಿಳಿಸಿ. ತರಬೇಕಾದ್ದು ಟೋಪಿ, ನೀರಿನ ಬಾಟಲಿ, ಮೆತ್ತನೆ ಬ್ರಷ್ಷು (ತಂತಿ ಬ್ರಷ್ ತಂದವರನ್ನು ವಾಪಸ್ ಕಳಿಸ್ತೀವಿ!), ಒಂದು ಟಾರ್ಚು. ಊಟಕ್ಕೆ ರೊಟ್ಟಿ, ಪುಂಡಿಪಲ್ಯ ಮಾಸ್ತರ ಮನೆಯಿಂದ ಬರುತ್ತೆ. ಬೆಳಿಗ್ಗೆ ಅಜ್ಜ ಅಜ್ಜಿಯರ ಜೊತೆ ಮಾತು, ಸಂಜೆ ನಾಲ್ಕರ ಮೇಲೆ ಕಲ್ಲುಗಳ ಫೋಟೋ.